ತಿದ್ದುವ ಮೊದಲು ಅರಿಯಬೇಕು
ಮಕ್ಕಳ ಹಠ, ಹಿರಿಯರ ಸಿಟ್ಟು: ಕಾರಣದ ಹುಡುಕಾಟವೇ ಚಿಕಿತ್ಸೆಯ ಮೊದಲ ಮೆಟ್ಟಿಲು

ಜ್ವರವೆಂದು ಬಂದ ರೋಗಿಯನ್ನು ಕಂಡೊಡನೆ ಬಲ್ಲ ವೈದ್ಯರು ಔಷಧವನ್ನು ಬರೆಯುವುದಿಲ್ಲ. ಜ್ವರ ಯಾವಾಗ ಆರಂಭವಾಯಿತು, ಯಾವ ಹೊತ್ತಿನಲ್ಲಿ ಏರುತ್ತದೆ, ಚಳಿ ನಡುಕವಿದೆಯೇ, ಮೂತ್ರ ವಿಸರ್ಜನೆಯಲ್ಲಿ ಉರಿಯಿದೆಯೇ ಎಂದು ವಿಚಾರಿಸುತ್ತಾರೆ. ಅಗತ್ಯವೆನಿಸಿದರೆ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಮಲೇರಿಯಾ, ವಿಷಮಶೀತ ಜ್ವರ, ಮೂತ್ರದ ಸೋಂಕು ಈ ಮೂರರಲ್ಲಿಯೂ ಮೈ ಸುಡುತ್ತದೆ. ಆದರೆ ಮೂರಕ್ಕೂ ಔಷಧ ಬೇರೆ ಬೇರೆ. ಕಾರಣವನ್ನು ಅರಿಯದೆ ಕೊಟ್ಟ ಔಷಧವು ರೋಗವನ್ನು ಕಳೆಯದು, ಕೆಲವೊಮ್ಮೆ ಹೆಚ್ಚಿಸಲೂಬಹುದು.

ದೇಹದ ಕಾಯಿಲೆಯ ವಿಷಯದಲ್ಲಿ ಎಲ್ಲರೂ ಒಪ್ಪುವ ಈ ವಿವೇಕವನ್ನು ವರ್ತನೆಯ ವಿಷಯದಲ್ಲಿ ನಾವು ಮರೆತುಬಿಡುತ್ತೇವೆ. ಮಗು ನೆಲಕ್ಕೆ ಬಿದ್ದು ಹೊರಳಾಡಿದರೆ ಹಟಮಾರಿಯೆನ್ನುತ್ತೇವೆ. ಬಾಲಕನೊಬ್ಬ ಪುಸ್ತಕವನ್ನು ಎಸೆದರೆ ಉದ್ಧಟನೆನ್ನುತ್ತೇವೆ. ಮಾತು ಬಾರದ ಮಗು ತನ್ನ ತಲೆಯನ್ನು ಗೋಡೆಗೆ ಬಡಿದುಕೊಂಡರೆ ಗಾಳಿ ಸೋಂಕಿದೆಯೆಂದು ತಾಯತ ಕಟ್ಟಿಸುವವರು, ಬರೆ ಹಾಕಿಸುವವರು ಇಂದಿಗೂ ಇದ್ದಾರೆ. ವಯಸ್ಸಾದ ಅಜ್ಜ ಸೊಸೆಯ ಮೇಲೆ ಕೈಯೆತ್ತಿದರೆ ಬುದ್ಧಿ ಕೆಟ್ಟಿದೆಯೆಂದು ಕೋಣೆಯಲ್ಲಿ ಕೂಡಿಹಾಕುವುದೂ ಉಂಟು. ಇವೆಲ್ಲವೂ ಕಾರಣವನ್ನು ಕೇಳದೆ ಕೊಟ್ಟ ಔಷಧಗಳು. ಇವುಗಳಿಂದ ನೋಯುವವರು ತಮ್ಮ ನೋವನ್ನು ಹೇಳಲಾರದವರು ಎಂಬುದೇ ದುಃಖದ ಸಂಗತಿ.

ವರ್ತನೆಯೂ ಒಂದು ಭಾಷೆ

ಮನುಷ್ಯನ ಯಾವ ವರ್ತನೆಯೂ ಸುಮ್ಮನೆ ಮರಳಿ ಮರಳಿ ಬರುವುದಿಲ್ಲ. ಅದರಿಂದ ಅವನಿಗೆ ಏನೋ ಒಂದು ದೊರಕುತ್ತಿರುತ್ತದೆ ಅಥವಾ ಏನೋ ಒಂದು ತಪ್ಪುತ್ತಿರುತ್ತದೆ. ಇದು ಯೋಚಿಸಿ ಮಾಡಿದ ತಂತ್ರವೇ ಆಗಬೇಕೆಂದಿಲ್ಲ. ಅಳುವ ಕೂಸಿಗೆ ತಾನು ಏಕೆ ಅಳುತ್ತೇನೆಂಬುದು ತಿಳಿಯದು; ಆದರೂ ಆ ಅಳುವಿಗೆ ಕಾರಣವಿದೆ, ಫಲವೂ ಇದೆ. ಮಾತಿನಲ್ಲಿ ಹೇಳಲು ಬಾರದವರು ದೇಹದಿಂದ ಹೇಳುತ್ತಾರೆ.

ಈ ವಿಷಯದಲ್ಲಿ ವ್ಯವಸ್ಥಿತವಾದ ಸಂಶೋಧನೆಗೆ ದಾರಿ ತೋರಿದವರು ಅಮೆರಿಕದ ಮನೋವಿಜ್ಞಾನಿಗಳು. ಬೌದ್ಧಿಕ ಬೆಳವಣಿಗೆ ಕುಂಠಿತವಾದ ಕೆಲವು ಮಕ್ಕಳು ತಮ್ಮನ್ನು ತಾವೇ ಹೊಡೆದುಕೊಳ್ಳುವುದು, ಕಚ್ಚಿಕೊಳ್ಳುವುದು, ತಲೆ ಬಡಿದುಕೊಳ್ಳುವುದು ಉಂಟು. ಎಡ್ವರ್ಡ್ ಕಾರ್ ಅವರು 1977ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇಂಥ ವರ್ತನೆಗೆ ಒಂದೇ ಕಾರಣವಿರಲಾರದು, ಬೇರೆ ಬೇರೆ ಮಕ್ಕಳಲ್ಲಿ ಬೇರೆ ಬೇರೆ ಕಾರಣಗಳಿರಬಹುದು ಎಂದು ವಾದಿಸಿದರು. 1982ರಲ್ಲಿ ಬ್ರಯಾನ್ ಇವಾಟಾ ಮತ್ತು ಸಂಗಡಿಗರು ಬಾಲ್ಟಿಮೋರ್ ನಗರದ ಜಾನ್ ಎಫ್. ಕೆನಡಿ ಸಂಸ್ಥೆಯಲ್ಲಿ ಒಂಬತ್ತು ಮಂದಿಯನ್ನು ಈ ದೃಷ್ಟಿಯಿಂದ ಪರೀಕ್ಷಿಸಿದರು. ಮೊದಲು ಎಲ್ಲರಿಗೂ ವೈದ್ಯಕೀಯ ತಪಾಸಣೆ ನಡೆಯಿತು. ಪೆಟ್ಟು ಮಿತಿಮೀರಿದರೆ ಪರೀಕ್ಷೆಯನ್ನು ನಿಲ್ಲಿಸುವ ನಿಯಮವನ್ನೂ ಮಾಡಿಕೊಂಡಿದ್ದರು. ಆ ಬಳಿಕ ಪ್ರತಿಯೊಬ್ಬರನ್ನೂ ಹದಿನೈದು ನಿಮಿಷಗಳ ಅವಧಿಯಂತೆ ನಾಲ್ಕು ಬಗೆಯ ಸನ್ನಿವೇಶಗಳಲ್ಲಿ ಗಮನಿಸಿದರು. ಒಂದರಲ್ಲಿ ಹಿರಿಯರು ತಮ್ಮ ಪಾಡಿಗೆ ತಾವು ಓದುತ್ತಿದ್ದು, ಮಗು ಹೊಡೆದುಕೊಂಡಾಗ ಮಾತ್ರ ಹತ್ತಿರ ಬಂದು ಬೇಡವೆಂದು ಹೇಳುತ್ತಿದ್ದರು. ಇನ್ನೊಂದರಲ್ಲಿ ಪಾಠ ಹೇಳಿಕೊಡುತ್ತಿದ್ದು, ಮಗು ಹೊಡೆದುಕೊಂಡಾಗ ಪಾಠವನ್ನು ನಿಲ್ಲಿಸುತ್ತಿದ್ದರು. ಮತ್ತೊಂದರಲ್ಲಿ ಮಗು ಒಂಟಿಯಾಗಿರುತ್ತಿತ್ತು. ನಾಲ್ಕನೆಯದರಲ್ಲಿ ಆಟಿಕೆಗಳು, ಹಿರಿಯರ ಗಮನ ಎಲ್ಲವೂ ಇದ್ದು ಯಾವ ಒತ್ತಾಯವೂ ಇರಲಿಲ್ಲ.

ಒಂಬತ್ತರಲ್ಲಿ ಆರು ಮಂದಿಯ ವರ್ತನೆ ಯಾವುದಾದರೊಂದು ನಿರ್ದಿಷ್ಟ ಸನ್ನಿವೇಶದಲ್ಲಿ ಮಾತ್ರ ಹೆಚ್ಚಾಗಿ ಕಂಡುಬಂದಿತು. ಹೊರಗಿನಿಂದ ನೋಡುವವರಿಗೆ ಎಲ್ಲರೂ ಮಾಡುತ್ತಿದ್ದುದು ಒಂದೇ. ಒಳಗಿನ ಕಾರಣ ಬೇರೆ ಬೇರೆ. ಮುಂದೆ 1994ರಲ್ಲಿ ಇದೇ ತಂಡ 152 ಮಂದಿಯ ವಿಶ್ಲೇಷಣೆಗಳನ್ನು ಒಟ್ಟುಗೂಡಿಸಿ ಪ್ರಕಟಿಸಿತು. ಸುಮಾರು ಶೇ 38 ಮಂದಿಯಲ್ಲಿ ಕೆಲಸ ಅಥವಾ ಒತ್ತಾಯದಿಂದ ತಪ್ಪಿಸಿಕೊಳ್ಳುವುದು, ಸುಮಾರು ಶೇ 26 ಮಂದಿಯಲ್ಲಿ ಇತರರ ಗಮನ ಅಥವಾ ಬೇಕಾದ ವಸ್ತುವನ್ನು ಪಡೆಯುವುದು, ಹೆಚ್ಚುಕಡಿಮೆ ಅಷ್ಟೇ ಮಂದಿಯಲ್ಲಿ ದೇಹಕ್ಕೆ ದೊರೆಯುವ ಸಂವೇದನೆ ಕಾರಣವಾಗಿತ್ತು. ಕೆಲವರಲ್ಲಿ ಒಂದಕ್ಕಿಂತ ಹೆಚ್ಚು ಕಾರಣಗಳು ಕೂಡಿಕೊಂಡಿದ್ದವು. ಫಂಕ್ಷನಲ್ ಅಸೆಸ್‌ಮೆಂಟ್ ಎಂದು ತಜ್ಞರು ಕರೆಯುವ ಈ ಕ್ರಮವನ್ನು ಕನ್ನಡದಲ್ಲಿ ವರ್ತನೆಯ ಕಾರಣಾನ್ವೇಷಣೆ ಎನ್ನಬಹುದು.

ಒಂದೇ ಶಿಕ್ಷೆ, ಎರಡು ಫಲ

ಈ ಅನ್ವೇಷಣೆ ಏಕೆ ಬೇಕೆಂಬುದಕ್ಕೆ ನಮ್ಮ ನಡುವಿನದೇ ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಒಂದು ಪ್ರಸಾದ ನಿಲಯದಲ್ಲಿ ಒಂಬತ್ತು ವರ್ಷದ ಇಬ್ಬರು ಬಾಲಕರಿದ್ದಾರೆ. ಸಂಜೆಯ ಓದಿನ ವೇಳೆಯಲ್ಲಿ ಇಬ್ಬರೂ ಪುಸ್ತಕ ಎಸೆಯುತ್ತಾರೆ, ಪಕ್ಕದವರೊಡನೆ ಜಗಳ ತೆಗೆಯುತ್ತಾರೆ. ಮೇಲ್ವಿಚಾರಕರು ಇಬ್ಬರನ್ನೂ ಹೊರಗೆ ಕಳಿಸಿ ಅಂಗಳದಲ್ಲಿ ನಿಲ್ಲಿಸುತ್ತಾರೆ.

ಮೊದಲನೆಯ ಬಾಲಕನಿಗೆ ಅಕ್ಷರಗಳನ್ನು ಕೂಡಿಸಿ ಓದುವುದು ಕಷ್ಟ. ಎಲ್ಲರೆದುರು ಗಟ್ಟಿಯಾಗಿ ಓದುವ ಸರದಿ ಸಮೀಪಿಸಿದಾಗ ಅವನಿಗೆ ಎದೆ ಹಾರುತ್ತದೆ. ಜಗಳ ತೆಗೆದೊಡನೆ ಹೊರಗೆ ಕಳಿಸುತ್ತಾರೆ. ಓದುವ ಸಂಕಟ ತಪ್ಪುತ್ತದೆ. ಮೇಲ್ವಿಚಾರಕರು ಶಿಕ್ಷೆಯೆಂದು ಕೊಟ್ಟದ್ದು ಅವನಿಗೆ ಬಿಡುಗಡೆಯಾಯಿತು. ನಾಳೆಯೂ ಅವನು ಜಗಳ ತೆಗೆಯುವುದು ಖಚಿತ.

ಎರಡನೆಯವನು ಚೆನ್ನಾಗಿಯೇ ಓದಬಲ್ಲ. ಮನೆಯಿಂದ ದೂರ ಬಂದು ಎರಡು ತಿಂಗಳಾಗಿದೆ. ಇಡೀ ದಿನದಲ್ಲಿ ಹಿರಿಯರೊಬ್ಬರು ಅವನ ಹೆಸರು ಹಿಡಿದು ಕರೆಯುವುದು ಅವನು ತಪ್ಪು ಮಾಡಿದಾಗ ಮಾತ್ರ. ಬೈಗುಳವಾದರೂ ಸರಿ, ತನ್ನ ಕಡೆಗೆ ಯಾರೋ ತಿರುಗಿ ನೋಡಿದರಲ್ಲ ಎಂಬ ಸಮಾಧಾನ ಅವನಿಗೆ. ಈ ಬಾಲಕನಿಗೆ ಅಂಗಳದಲ್ಲಿ ಒಂಟಿಯಾಗಿ ನಿಲ್ಲುವುದು ನೋವನ್ನು ಹೆಚ್ಚಿಸುತ್ತದೆಯೇ ಹೊರತು ಬೇಕಾದುದನ್ನು ಕೊಡುವುದಿಲ್ಲ.

ಮೊದಲನೆಯವನಿಗೆ ಬೇಕಾದುದು ಕಣ್ಣಿನ ತಪಾಸಣೆ, ಕಲಿಕಾ ನ್ಯೂನತೆ ಇದೆಯೇ ಎಂಬ ಪರೀಕ್ಷೆ, ಎಲ್ಲರೆದುರಿನ ಓದಿನಿಂದ ವಿನಾಯಿತಿ, ಪ್ರತ್ಯೇಕವಾಗಿ ಕುಳಿತು ಹೇಳಿಕೊಡುವ ಒಬ್ಬರು. ಎರಡನೆಯವನಿಗೆ ಬೇಕಾದುದು ಅವನು ಶಾಂತವಾಗಿ ಓದುತ್ತಿರುವಾಗಲೇ ಹತ್ತಿರ ಬಂದು ಬೆನ್ನು ತಟ್ಟುವ ಕೈ. ಇಬ್ಬರಿಗೂ ಒಂದೇ ಚಿಕಿತ್ಸೆಯನ್ನು ಕೊಟ್ಟರೆ ಒಬ್ಬನಿಗಾದರೂ ಅನ್ಯಾಯವಾಗುತ್ತದೆ. ಇಲ್ಲಿ ಇಬ್ಬರಿಗೂ ಆಯಿತು. ಹೊಡೆತವಂತೂ ಯಾವ ಸಂದರ್ಭದಲ್ಲಿಯೂ ಸಲ್ಲದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಪ್ರಕರಣವು ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಗುರುತಿಸಿದ 21 ಬಗೆಯ ನ್ಯೂನತೆಗಳಲ್ಲಿ ಕಲಿಕಾ ನ್ಯೂನತೆಯೂ ಆಟಿಸಂ ಕೂಡ ಸೇರಿವೆ.

ಮೊದಲು ದೇಹವನ್ನು ವಿಚಾರಿಸಿರಿ

ಮನಸ್ಸಿನ ಕಾರಣಗಳನ್ನು ಹುಡುಕುವ ಮೊದಲು ದೇಹದ ಕಾರಣಗಳನ್ನು ವೈದ್ಯರಿಂದ ಪರೀಕ್ಷಿಸಿಕೊಳ್ಳುವುದು ಕಡ್ಡಾಯ. ವರ್ತನೆ ಇದ್ದಕ್ಕಿದ್ದಂತೆ ಬದಲಾಗಿದ್ದರಂತೂ ಇದನ್ನು ತಡಮಾಡಬಾರದು.

ಮಾತು ಬಾರದ ಮಗು ಹೊಸದಾಗಿ ಕಿವಿಯ ಬಳಿ ಹೊಡೆದುಕೊಳ್ಳತೊಡಗಿದರೆ ಕಿವಿಯ ಸೋಂಕೋ ಹಲ್ಲುನೋವೋ ಇರಬಹುದು. ಊಟಕ್ಕೆ ಕುಳಿತಾಗಲೆಲ್ಲ ರಂಪ ಮಾಡುವ ಮಗುವಿಗೆ ಬಾಯಿಹುಣ್ಣು ಅಥವಾ ಮಲಬದ್ಧತೆ ಇರಬಹುದು. ಮಣ್ಣು, ಸುಣ್ಣ, ಬಳಪ ತಿನ್ನುವ ಮಕ್ಕಳಲ್ಲಿ ಕಬ್ಬಿಣಾಂಶದ ಕೊರತೆಯಿಂದಾದ ರಕ್ತಹೀನತೆ ಇರುವುದುಂಟು; ಅಂಥ ಮಗುವಿಗೆ ಕೈಗೆ ಬೀಳುವ ಪೆಟ್ಟಿಗಿಂತ ರಕ್ತ ಪರೀಕ್ಷೆ ಮುಖ್ಯ. ಐದು ವರ್ಷ ದಾಟಿದ ಮಗು ರಾತ್ರಿ ಒಣಗಿರುತ್ತಿದ್ದುದು ಮತ್ತೆ ಹಾಸಿಗೆ ಒದ್ದೆ ಮಾಡತೊಡಗಿದರೆ ಮೂತ್ರದ ಸೋಂಕು, ಮಲಬದ್ಧತೆ, ಸಕ್ಕರೆ ಕಾಯಿಲೆಗಳನ್ನು ನೋಡಬೇಕು. ಪಾಠದ ನಡುವೆ ಕೆಲವು ಕ್ಷಣ ಶೂನ್ಯವನ್ನು ದಿಟ್ಟಿಸಿ ಕುಳಿತು, ಕರೆದರೂ ಓಗೊಡದ ಮಗು ಲಕ್ಷ್ಯವಿಲ್ಲದ್ದೆಂದು ಬೈಸಿಕೊಳ್ಳುತ್ತದೆ. ಅದು ಮೂರ್ಛೆರೋಗದ ಒಂದು ಬಗೆಯೂ ಆಗಿರಬಹುದು. ಕಿವಿ ಸರಿಯಾಗಿ ಕೇಳದ ಮಗುವನ್ನು ಹೇಳಿದ ಮಾತು ಕೇಳದ ಮಗುವೆಂದು ದಂಡಿಸಿದ ಮನೆಗಳು ಎಷ್ಟೋ. ಪ್ರೌಢ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಮುಟ್ಟಿನ ನೋವು, ಎಲ್ಲ ವಯಸ್ಸಿನವರಲ್ಲಿ ನಿದ್ರೆಯ ಕೊರತೆ ಮತ್ತು ಹಸಿವು, ಹೊಸದಾಗಿ ಆರಂಭಿಸಿದ ಔಷಧಗಳ ಪರಿಣಾಮ ಇವನ್ನೂ ಮರೆಯಬಾರದು.

ಬರೆದಿಡುವ ಕ್ರಮ

ದೇಹದ ಕಾರಣಗಳನ್ನು ನೋಡಿದ ಮೇಲೆ ಮನೆಯವರು ಮಾಡಬೇಕಾದ ಕೆಲಸ ಗಮನಿಸಿ ಬರೆಯುವುದು. ಇದಕ್ಕೆ ಒಂದು ನೋಟುಪುಸ್ತಕ, ಒಂದು ಲೇಖನಿ, ಒಂದೆರಡು ವಾರಗಳ ತಾಳ್ಮೆ ಸಾಕು. ಪ್ರತಿ ಪುಟದಲ್ಲಿ ಮೂರು ಅಂಕಣಗಳಿರಲಿ: ಮುನ್ನ ನಡೆದದ್ದು, ಮಗು ಮಾಡಿದ್ದು, ಆಮೇಲೆ ನಡೆದದ್ದು. ಜೊತೆಗೆ ದಿನಾಂಕ, ಹೊತ್ತು, ಸ್ಥಳ ಮತ್ತು ಅಲ್ಲಿದ್ದವರನ್ನೂ ನಮೂದಿಸಬೇಕು.

ಮೊದಲನೆಯ ಅಂಕಣದಲ್ಲಿ ಆ ಕ್ಷಣಕ್ಕೆ ಮುಂಚೆ ಏನಾಯಿತೆಂಬುದು ಇರಬೇಕು: ಟಿ.ವಿ. ಆರಿಸಿದೆವು, ಸ್ನಾನಕ್ಕೆ ಕರೆದೆವು, ಅತಿಥಿಗಳು ಬಂದರು, ಅವ್ವ ಫೋನಿನಲ್ಲಿ ಮಾತನಾಡತೊಡಗಿದಳು, ಕುಕ್ಕರು ಸೀಟಿ ಹಾಕಿತು. ಎರಡನೆಯದರಲ್ಲಿ ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಬೇಕು. ‘ಹಠ ಮಾಡಿದ’ ಎಂದು ಬರೆದರೆ ಅದು ನಮ್ಮ ತೀರ್ಪು. ‘ನೆಲದ ಮೇಲೆ ಮಲಗಿ ಕಾಲು ಬಡಿದ, ಐದು ನಿಮಿಷ ಅತ್ತ’ ಎಂದರೆ ಅದು ನಡೆದ ಸಂಗತಿ. ಮೂರನೆಯ ಅಂಕಣ ಬಹು ಮುಖ್ಯವಾದುದು; ಹೆಚ್ಚಿನವರು ಬಿಡುವುದೂ ಅದನ್ನೇ. ಆಮೇಲೆ ನಾವೇನು ಮಾಡಿದೆವು? ಬೈದೆವೋ, ಎತ್ತಿಕೊಂಡೆವೋ, ಮೊಬೈಲು ಕೊಟ್ಟೆವೋ, ಸ್ನಾನ ಬೇಡವೆಂದು ಬಿಟ್ಟೆವೋ? ಅಜ್ಜಿ ಬಂದು ಬೆಲ್ಲ ಕೊಟ್ಟರೋ? ಇಲ್ಲಿ ಸತ್ಯವನ್ನು ಬರೆಯಲು ಸ್ವಲ್ಪ ಧೈರ್ಯ ಬೇಕು.

ಹತ್ತು ಹದಿನೈದು ಘಟನೆಗಳನ್ನು ಬರೆದ ಮೇಲೆ ಓದಿ ನೋಡಿದರೆ ಸಾಮಾನ್ಯವಾಗಿ ಒಂದು ಎಳೆ ಕಾಣಿಸಿಕೊಳ್ಳುತ್ತದೆ. ಹಿರಿಯರ ಗಮನ ಬೇರೆಡೆಗೆ ಹೋದಾಗ ಆರಂಭವಾಗಿ, ಗಮನ ಮರಳಿದಾಗ ನಿಂತರೆ ಅದು ಗಮನದ ಬೇಡಿಕೆ. ಕೇಳಿದ ವಸ್ತು ಇಲ್ಲವೆಂದಾಗ ಆರಂಭವಾಗಿ, ಕೊಟ್ಟಾಗ ನಿಂತರೆ ಅದು ವಸ್ತುವಿನ ಬೇಡಿಕೆ. ಕೆಲಸ ಹೇಳಿದಾಗ, ಗದ್ದಲದಲ್ಲಿ, ಜನಜಂಗುಳಿಯಲ್ಲಿ ಆರಂಭವಾಗಿ, ಅಲ್ಲಿಂದ ಹೊರಬಂದಾಗ ನಿಂತರೆ ಅದು ಬಿಡುಗಡೆಯ ಬೇಡಿಕೆ. ಯಾರಿರಲಿ ಇಲ್ಲದಿರಲಿ, ಒಂಟಿಯಾಗಿರುವಾಗಲೂ ನಡೆಯುತ್ತಿದ್ದರೆ ಆ ವರ್ತನೆಯೇ ದೇಹಕ್ಕೆ ಏನೋ ಹಿತವನ್ನು ಕೊಡುತ್ತಿರಬಹುದು ಅಥವಾ ನೋವನ್ನು ಮರೆಸುತ್ತಿರಬಹುದು.

ಯಾವ ದಿನ, ಯಾವ ಹೊತ್ತಿನಲ್ಲಿ ಆ ವರ್ತನೆ ಇರಲಿಲ್ಲವೆಂಬುದನ್ನೂ ಬರೆಯಬೇಕು. ಜಾತ್ರೆಯ ದಿನ ರಂಪ ಮಾಡಿದ ಮಗು ತೋಟದಲ್ಲಿ ಇಡೀ ಮಧ್ಯಾಹ್ನ ನೆಮ್ಮದಿಯಿಂದ ಆಡಿತೆಂದರೆ ಅದೂ ಒಂದು ಉತ್ತರವೇ. ಎಲ್ಲ ವರ್ತನೆಯನ್ನೂ ತಿದ್ದಬೇಕಾಗಿಲ್ಲ ಎಂಬುದೂ ಇಲ್ಲಿ ತಿಳಿದುಬರುತ್ತದೆ. ಆಟಿಸಂ ಇರುವ ಮಗು ಸಂತೋಷದಲ್ಲಿ ಕೈಗಳನ್ನು ಬಡಿಯುತ್ತಿದ್ದರೆ, ಕುಳಿತಲ್ಲೇ ತೂಗಾಡುತ್ತಿದ್ದರೆ, ಅದರಿಂದ ಯಾರಿಗೂ ಪೆಟ್ಟಾಗದಿದ್ದರೆ, ಅದನ್ನು ನಿಲ್ಲಿಸಲು ಹೋರಾಡುವುದರಲ್ಲಿ ಅರ್ಥವಿಲ್ಲ. ನೋಡಿದ ನೆಂಟರ ನಾಚಿಕೆ ಚಿಕಿತ್ಸೆಗೆ ಕಾರಣವಾಗಬಾರದು.

ಅರಿತ ಮೇಲೆ ಯೋಜನೆ

ಕಾರಣ ತಿಳಿದ ಮೇಲೆ ಅದೇ ಫಲವನ್ನು ಪಡೆಯಲು ಒಳ್ಳೆಯ ದಾರಿಯೊಂದನ್ನು ಕಲಿಸಬೇಕು. ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ ಅವರು 1985ರಲ್ಲಿ ನಾಲ್ಕು ಮಕ್ಕಳ ವಿಷಯದಲ್ಲಿ ಇದನ್ನು ತೋರಿಸಿದರು. ಗಮನಕ್ಕಾಗಿ ತೊಂದರೆ ಕೊಡುತ್ತಿದ್ದ ಮಕ್ಕಳಿಗೆ ತಾನು ಮಾಡುತ್ತಿರುವ ಕೆಲಸ ಚೆನ್ನಾಗಿದೆಯೇ ಎಂದು ಕೇಳುವುದನ್ನೂ, ಕಷ್ಟದ ಪಾಠದಿಂದ ಕಂಗೆಡುತ್ತಿದ್ದ ಮಕ್ಕಳಿಗೆ ತನಗೆ ತಿಳಿಯಲಿಲ್ಲವೆಂದು ಹೇಳುವುದನ್ನೂ ಕಲಿಸಿದರು. ಕಾರಣಕ್ಕೆ ಹೊಂದುವ ಮಾತನ್ನು ಕಲಿತಾಗ ತೊಂದರೆಯ ವರ್ತನೆ ಬಹಳ ಇಳಿಯಿತು. ಕಾರಣಕ್ಕೆ ಹೊಂದದ ಮಾತನ್ನು ಕಲಿಸಿದಾಗ ಆ ಪ್ರಯೋಜನ ದೊರೆಯಲಿಲ್ಲ. ಅರಿಯದೆ ಮಾಡಿದ ಒಳ್ಳೆಯ ಪ್ರಯತ್ನವೂ ವ್ಯರ್ಥವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಮಾತು ಬಾರದ ಮಗುವಿಗೆ ಕೈಸನ್ನೆ, ಚಿತ್ರದ ಚೀಟಿ ಸಾಕು. ‘ಸಾಕು’, ‘ಬೇಕು’, ‘ಬಾ’, ‘ನೋವು’ ಈ ನಾಲ್ಕನ್ನು ಹೇಳಲು ಕಲಿತ ಮಗುವಿನ ಅರ್ಧ ಸಂಕಟ ತೀರುತ್ತದೆ. ಅದು ‘ಸಾಕು’ ಎಂದು ಸನ್ನೆ ಮಾಡಿದಾಗ ಮೊದಮೊದಲು ನಾವು ತಕ್ಷಣ ಒಪ್ಪಬೇಕು. ಆ ಸನ್ನೆ ಕೆಲಸಕ್ಕೆ ಬರುತ್ತದೆಂಬ ನಂಬಿಕೆ ಬಂದ ಮೇಲೆ ಸ್ವಲ್ಪ ಸ್ವಲ್ಪವೇ ಕಾಯುವುದನ್ನು ಕಲಿಸಬಹುದು.

ಇದರೊಡನೆ ಮುನ್ನ ನಡೆಯುವುದನ್ನೂ ಬದಲಿಸಬೇಕು. ಆಟ ಮುಗಿಯುವುದಕ್ಕೆ ಐದು ನಿಮಿಷ ಮೊದಲೇ ಸೂಚನೆ ಕೊಡುವುದು, ದೊಡ್ಡ ಕೆಲಸವನ್ನು ಚಿಕ್ಕ ಚಿಕ್ಕದಾಗಿ ಹಂಚುವುದು, ಗದ್ದಲದ ಸಮಾರಂಭದಲ್ಲಿ ಶಾಂತವಾದ ಒಂದು ಮೂಲೆಯನ್ನು ಒದಗಿಸುವುದು ಇಂಥವು. ಮನೆಯ ಎಲ್ಲರೂ ಒಂದೇ ರೀತಿಯಲ್ಲಿ ನಡೆದುಕೊಳ್ಳಬೇಕು. ಅಪ್ಪ ಇಲ್ಲವೆಂದದ್ದನ್ನು ಅಜ್ಜಿ ಮರುಕದಿಂದ ಕೊಟ್ಟರೆ, ಅತ್ತರೆ ಸಿಗುತ್ತದೆ ಎಂಬ ಪಾಠವನ್ನೇ ಮಗು ಕಲಿಯುತ್ತದೆ. ಹಿಂದೆ ದೊರೆಯುತ್ತಿದ್ದ ಫಲ ನಿಂತಾಗ ಹಳೆಯ ವರ್ತನೆ ಕೆಲವು ದಿನ ಹೆಚ್ಚುವುದೂ ಸಹಜ. ಆಗ ಸೋತು ಕೈಬಿಟ್ಟರೆ ಇನ್ನೂ ಜೋರಾಗಿ ಅತ್ತರೆ ಸಿಗುತ್ತದೆಂದು ಕಲಿಸಿದಂತಾಗುತ್ತದೆ. ಆದರೆ ತನಗೋ ಇತರರಿಗೋ ಪೆಟ್ಟು ಮಾಡಿಕೊಳ್ಳುವ ಮಗುವನ್ನು ಕಡೆಗಣಿಸುವ ಪ್ರಯೋಗವನ್ನು ಮನೆಯವರು ತಾವಾಗಿಯೇ ಮಾಡಬಾರದು. ಅದು ತಜ್ಞರ ಮಾರ್ಗದರ್ಶನದಲ್ಲಿಯೇ ನಡೆಯಬೇಕು. ಯೋಜನೆ ಆರಂಭವಾದ ಮೇಲೆಯೂ ನೋಟುಪುಸ್ತಕ ಮುಂದುವರಿಯಲಿ. ಕೆಲವು ವಾರಗಳಾದರೂ ಇಳಿಕೆ ಕಾಣದಿದ್ದರೆ ಮಗುವನ್ನು ದೂರುವ ಬದಲು ನಮ್ಮ ಊಹೆಯನ್ನು ಮರುಪರಿಶೀಲಿಸಬೇಕು.

ಹಿರಿಯರ ವಿಷಯದಲ್ಲಿಯೂ ಇದೇ ನೀತಿ

ಮರೆವಿನ ಕಾಯಿಲೆಗೆ ಒಳಗಾದ ಹಿರಿಯರ ಆರೈಕೆಯಲ್ಲಿ ಈ ಕ್ರಮ ಬಹಳ ಉಪಯುಕ್ತವಾದುದು. ಸ್ನಾನಕ್ಕೆ ಕರೆದಾಗಲೆಲ್ಲ ಸಿಟ್ಟಿಗೇಳುವ ಅಜ್ಜನಿಗೆ ನೀರಿನ ತಂಪು ಸಹಿಸದೆ ಇರಬಹುದು, ಜಾರುವ ನೆಲದ ಭಯವಿರಬಹುದು, ಇತರರೆದುರು ಬಟ್ಟೆ ಬಿಚ್ಚುವ ನಾಚಿಕೆಯಿರಬಹುದು, ಮಂಡಿನೋವಿರಬಹುದು. ಬೆಚ್ಚನೆಯ ನೀರು, ಕೂರಲು ಭದ್ರವಾದ ಕುರ್ಚಿ, ಮೈ ಮೇಲೊಂದು ವಸ್ತ್ರ, ಅವಸರವಿಲ್ಲದ ಮಾತು ಇಷ್ಟರಿಂದಲೇ ಜಗಳ ತಪ್ಪಬಹುದು. ಸಂಜೆಯಾದೊಡನೆ ಮನೆಗೆ ಹೋಗಬೇಕೆಂದು ಹೊರಡುವ ಅಜ್ಜಿಗೆ ಇದೇ ನಿನ್ನ ಮನೆಯೆಂದು ವಾದಿಸಿ ಫಲವಿಲ್ಲ. ಅವರಿಗೆ ಬೇಕಾದುದು ಭರವಸೆ, ಬೆಳಕು, ಬಳಿಯಲ್ಲೊಬ್ಬರು.

ಒಂದು ಎಚ್ಚರಿಕೆ. ನಿನ್ನೆಯವರೆಗೆ ಸರಿಯಾಗಿದ್ದ ಹಿರಿಯರು ಒಂದೆರಡು ದಿನಗಳಲ್ಲಿ ಗೊಂದಲಕ್ಕೊಳಗಾಗಿ ಅಸಂಬದ್ಧವಾಗಿ ಮಾತನಾಡತೊಡಗಿದರೆ ಅದು ವಯಸ್ಸಿನ ಗುಣವೆಂದು ಬಿಡಬಾರದು. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಅಥವಾ ಸಕ್ಕರೆಯ ಇಳಿಕೆ, ನಿರ್ಜಲೀಕರಣ, ಔಷಧದ ಅಡ್ಡಪರಿಣಾಮ ಮುಂತಾದವು ಕಾರಣವಾಗಿರಬಹುದು. ಅವರನ್ನು ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.

ನೆರವು ಎಲ್ಲಿ?

ತನಗೆ ಅಥವಾ ಇತರರಿಗೆ ಗಾಯ ಮಾಡುವುದು, ತಿನ್ನಬಾರದ ವಸ್ತುಗಳನ್ನು ನುಂಗುವುದು, ಮನೆ ಬಿಟ್ಟು ಓಡುವುದು, ಕಲಿತ ಮಾತನ್ನು ಮಗು ಕಳೆದುಕೊಳ್ಳುವುದು ಇವುಗಳಲ್ಲಿ ಯಾವುದು ಕಂಡರೂ ತಜ್ಞರನ್ನು ಕಾಣಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರಗಳ ವ್ಯವಸ್ಥೆಯಿದೆ. ಮಾತು ಮತ್ತು ಶ್ರವಣದ ತೊಂದರೆಗಳಿಗೆ 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಮನೋವೈದ್ಯಕೀಯ ನೆರವಿಗೆ ಬೆಂಗಳೂರಿನ ನಿಮ್ಹಾನ್ಸ್ ಹಾಗೂ ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗಳು ನಮ್ಮ ನಾಡಿನಲ್ಲಿಯೇ ಇವೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು. ತಜ್ಞರ ಬಳಿ ಹೋಗುವಾಗ ಆ ನೋಟುಪುಸ್ತಕವನ್ನು ಕೊಂಡೊಯ್ಯಲು ಮರೆಯಬಾರದು. ಅರ್ಧ ಗಂಟೆಯ ಭೇಟಿಯಲ್ಲಿ ಕಾಣದ್ದನ್ನು ಎರಡು ವಾರಗಳ ಬರಹ ಅವರಿಗೆ ತೋರಿಸುತ್ತದೆ.

ಹನ್ನೆರಡನೆಯ ಶತಮಾನದ ಶರಣರು ಅರಿವು ಮತ್ತು ಆಚಾರಗಳನ್ನು ಬೇರ್ಪಡಿಸಲಿಲ್ಲ. ಅನುಭವ ಮಂಟಪದಲ್ಲಿ ಕಾಯಕದ ಯಾವ ಮಟ್ಟದವರಿಗೂ ತಮ್ಮ ಮಾತನ್ನು ಹೇಳುವ, ಇತರರು ಅದನ್ನು ಕೇಳುವ ಅವಕಾಶವಿತ್ತೆಂಬುದನ್ನು ನಾವು ಹೆಮ್ಮೆಯಿಂದ ಸ್ಮರಿಸುತ್ತೇವೆ. ನಮ್ಮ ಮನೆಗಳಲ್ಲಿ ಮಾತು ಬಾರದ ಮಗುವಿಗೆ, ಮಾತು ಮರೆತ ಹಿರಿಯರಿಗೆ ಆ ಅವಕಾಶ ದೊರೆಯಬೇಕಾದರೆ, ನಾವು ಅವರ ವರ್ತನೆಯನ್ನೇ ಮಾತೆಂದು ಆಲಿಸಬೇಕು. ಕೈಯೆತ್ತುವ ಮುನ್ನ, ತಾಯತದ ಅಂಗಡಿಗೆ ಹೊರಡುವ ಮುನ್ನ, ಬಾಗಿಲಿಗೆ ಚಿಲಕ ಹಾಕುವ ಮುನ್ನ ಸದ್ಭಕ್ತರೆಲ್ಲರೂ ಒಂದು ಪ್ರಶ್ನೆಯನ್ನು ತಮ್ಮಲ್ಲಿ ಕೇಳಿಕೊಳ್ಳಲಿ: ಈ ಜೀವ ನಮಗೆ ಏನನ್ನು ಹೇಳಲು ಯತ್ನಿಸುತ್ತಿದೆ?